ಸ್ಪ್ರಿಂಗ್‌ಫೀಲ್ಡ್ ವಿಷಯವಾಗಿ ಓಹಾಯೋ ಗವರ್ನರ್ ಮೈಕ್ ಡಿವೈನ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಗವರ್ನರ್ ಅವರೇ,

ನಾನು ಓಹಾಯೋದಲ್ಲಿ ನೆಲೆಸಿರುವ ಕನ್ನಡತಿ, ಈ ರಾಜ್ಯದ ಮತದಾರಳು. 2024ರ ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ನಡೆದ ಅಧ್ಯಕ್ಷೀಯ ಚುನಾವಣೆಯ ಚರ್ಚೆಯಲ್ಲಿ ನಿಮ್ಮ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಡೊನಾಲ್ಡ್ ಟ್ರಂಪ್, ನಮ್ಮ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ವಲಸಿಗರು ಜನರ ಸಾಕುನಾಯಿ, ಬೆಕ್ಕುಗಳನ್ನು ತಿನ್ನುತ್ತಿದ್ದಾರೆ ಎಂದರು. ಅದು ನೀವು ಹುಟ್ಟಿದ ಊರು. ಕೆಲವೇ ದಿನಗಳಲ್ಲಿ ಅಲ್ಲಿಗೆ ಮೂವತ್ತಕ್ಕೂ ಹೆಚ್ಚು ಹುಸಿ ಬಾಂಬ್ ಬೆದರಿಕೆಗಳು ಬಂದವು. ಮಕ್ಕಳು ತರಗತಿಗೆ ಹೋಗುವ ಮೊದಲು ಶಾಲೆಗಳನ್ನು ಶೋಧಿಸಲು ನೀವು ರಾಜ್ಯದ ಪೊಲೀಸರನ್ನೇ ಕಳುಹಿಸಬೇಕಾಯಿತು.

ಡೆಮಾಕ್ರಟಿಕ್ ಪಕ್ಷವನ್ನು ಟೀಕಿಸಬಾರದಿತ್ತು ಎಂಬುದು ನನ್ನ ವಾದವಲ್ಲ; ಟೀಕಿಸಲೇಬೇಕಿತ್ತು. ಅರವತ್ತು ಸಾವಿರದಷ್ಟು ಜನರಿದ್ದ ಊರಿಗೆ ಕೆಲವೇ ವರ್ಷಗಳಲ್ಲಿ ಕೆರಿಬಿಯನ್ ದೇಶವಾದ ಹೈಟಿಯಿಂದ ಸಾವಿರಾರು ಮಂದಿ ಬಂದರು. ಮನೆ ಬಾಡಿಗೆ ಏರಿತು, ಚಿಕಿತ್ಸಾಲಯಗಳಲ್ಲಿ ಕಾಯುವ ಹೊತ್ತು ಹೆಚ್ಚಿತು, ಶಾಲೆಗಳಿಗೆ ದುಭಾಷಿಗಳು ಸಾಲಲಿಲ್ಲ. ಇದಕ್ಕೆ ಬೈಡನ್ ಆಡಳಿತ ಕೊಟ್ಟ ನೆರವು ಎಷ್ಟು ಎಂದು ಟ್ರಂಪ್ ಕೇಳಿದ್ದರೆ, ಆಗ ಉಪಾಧ್ಯಕ್ಷೆಯಾಗಿದ್ದ, ಚರ್ಚೆಯಲ್ಲಿ ಅವರ ಎದುರಾಳಿಯಾಗಿದ್ದ ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಉತ್ತರಿಸಲೇಬೇಕಾಗುತ್ತಿತ್ತು. ಆ ಪ್ರಶ್ನೆ ಬದಿಗೆ ಸರಿಯಿತು. ಕಾನೂನಿನ ರಕ್ಷಣೆಯಲ್ಲಿ ಬಂದು ಕಾರ್ಖಾನೆ, ಗೋದಾಮುಗಳಲ್ಲಿ ದುಡಿಯುತ್ತಿದ್ದ, ಮತದ ಹಕ್ಕೂ ಇಲ್ಲದ ಜನರ ಮೇಲೆ ಏಟು ಬಿತ್ತು. ಅವರ ಮಕ್ಕಳು ಶಾಲೆಗೆ ಹೋಗಲು ಹೆದರಿದರು. ಎದುರಾಳಿ ಪಕ್ಷವನ್ನು ಸೋಲಿಸಲು ತೆರಬೇಕಾದ ಬೆಲೆ ಇದೇ?

ಸಾಕುಪ್ರಾಣಿಗಳ ಕುರಿತ ಟ್ರಂಪ್ ಅವರ ಮಾತು ಸುಳ್ಳೆಂದು ನೀವು ಹೇಳಿದಿರಿ. ಸೆಪ್ಟೆಂಬರ್ 20ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ನೀವು ಬರೆದ ಲೇಖನವನ್ನು ಕೃತಜ್ಞತೆಯಿಂದ ಓದಿದೆ. ತೀರಿಕೊಂಡ ಮಗಳ ಹೆಸರಿನ ಶಾಲೆಯನ್ನು ಹೈಟಿಯಲ್ಲಿ ವರ್ಷಗಟ್ಟಲೆ ಪೋಷಿಸಿದ ನಿಮಗೆ ಆ ಜನರ ಪರಿಚಯ ನಮಗಿಂತ ಹೆಚ್ಚು. ಆದರೆ ಅದೇ ಲೇಖನದಲ್ಲಿ ನೀವು ಟ್ರಂಪ್ ಅವರ ಬೆಂಬಲಿಗರೆಂದೂ ಹೇಳಿಕೊಂಡಿರಿ. ಆ ಬೆಂಬಲಕ್ಕೆ ಒಂದು ಷರತ್ತೂ ಇರಲಿಲ್ಲ. ನನಗೆ ನೋವಾದದ್ದು ಅಲ್ಲಿ.

2008ರ ಅಕ್ಟೋಬರ್‌ನಲ್ಲಿ ಮಿನೆಸೋಟಾದ ಸಭೆಯೊಂದರಲ್ಲಿ ಮಹಿಳೆಯೊಬ್ಬರು ಎದುರಾಳಿ ಅಭ್ಯರ್ಥಿ ಒಬಾಮ ಅರಬ್, ಅವರನ್ನು ನಂಬಲಾರೆ ಎಂದಾಗ, ನಿಮ್ಮದೇ ಪಕ್ಷದ ಅಭ್ಯರ್ಥಿ ಜಾನ್ ಮೆಕೇನ್ ಮೈಕ್ ಹಿಂದಕ್ಕೆ ಪಡೆದು, ಒಬಾಮ ಸಭ್ಯ ನಾಗರಿಕ, ತಮಗೆ ಅವರೊಂದಿಗೆ ಇರುವುದು ಭಿನ್ನಾಭಿಪ್ರಾಯ ಮಾತ್ರ ಎಂದರು. ಸ್ವಂತ ಬೆಂಬಲಿಗರ ಎದುರೇ, ಅಲ್ಲೇ ತಿದ್ದಿದರು.

2028ರ ಚುನಾವಣೆಗೆ ಅಭ್ಯರ್ಥಿಗಳು ಓಹಾಯೋಗೆ ಮತ ಕೇಳಲು ಬರುತ್ತಾರೆ. ಆಗ ನೀವು ಅಧಿಕಾರದಲ್ಲಿ ಇರದಿದ್ದರೂ ಪಕ್ಷದ ಹಿರಿಯರಾಗಿ ನಿಮ್ಮ ಬೆಂಬಲಕ್ಕೆ ಬೆಲೆ ಇರುತ್ತದೆ. ಅದನ್ನು ಕೊಡುವ ಮೊದಲೇ ಷರತ್ತು ಹಾಕಿ: ನಮ್ಮ ಊರುಗಳ ಬಗ್ಗೆ ಆಡಿದ ಮಾತು ಸುಳ್ಳೆಂದು ತಿಳಿದರೆ, ಅದನ್ನು ಆಡಿದ ವೇದಿಕೆಯಲ್ಲೇ ಅಭ್ಯರ್ಥಿ ಹಿಂತೆಗೆದುಕೊಳ್ಳಬೇಕು. ಒಪ್ಪದವರೊಂದಿಗೆ ವೇದಿಕೆ ಹತ್ತಬೇಡಿ.

ಗೌರವದಿಂದ,
ಓಹಾಯೋದ ಒಬ್ಬ ಮತದಾರಳು