ಕಸೂತಿಯ ಹಿಂಬದಿಯನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ನಡೆದ ಕರಕುಶಲ ವಸ್ತುಗಳ ಮೇಳಕ್ಕೆ ನಾವು ನಾಲ್ವರು ಗೆಳತಿಯರು ಒಂದು ಭಾನುವಾರ ಹೋಗಿದ್ದೆವು. ನಾನೂ ಇನ್ನೊಬ್ಬಳೂ ಧಾರವಾಡದವರು, ಮೂರನೆಯವಳು ಬೆಟಗೇರಿಯ ನೇಕಾರ ಮನೆತನದವಳು, ನಾಲ್ಕನೆಯವಳು ಹಾವೇರಿಯಿಂದ ಬೆಳಗಿನ ರೈಲಿಗೆ ಬಂದವಳು. ಮೇಳ ಚೆನ್ನಾಗಿತ್ತು, ಜನವೂ ಕಿಕ್ಕಿರಿದಿದ್ದರು. ಆದರೂ ಅಲ್ಲಿ ಕಂಡ ಒಂದು ಸಂಗತಿ ಮನಸ್ಸಿನಿಂದ ಹೋಗುತ್ತಿಲ್ಲವಾದ್ದರಿಂದ ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಲು ಬಯಸುತ್ತೇನೆ.

ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆ, ಕಿನ್ನಾಳದ ದೇವರ ಮೂರ್ತಿ, ಬೀದರಿನ ಬಿದರಿ ಸಾಮಾನು, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಎಲ್ಲವೂ ಬಂದಿದ್ದವು. ಹಾವೇರಿಯ ಗೆಳತಿ ತಮ್ಮೂರಿನ ಏಲಕ್ಕಿ ಹಾರದ ಮುಂದೆ ನಿಂತವಳು ಅರ್ಧ ಗಂಟೆ ಅಲುಗಲಿಲ್ಲ. ಉಳಿದ ನಮ್ಮ ಕಾಲು ಮಾತ್ರ ತಾನಾಗಿಯೇ ಕಸೂತಿಯ ಕಡೆ ತಿರುಗಿತು.

ಮುಖ್ಯದ್ವಾರದ ಪಕ್ಕದಲ್ಲೇ ದೊಡ್ಡ ಮಳಿಗೆಯೊಂದಿತ್ತು. ಕಣ್ಣು ಕುಕ್ಕುವ ದೀಪಗಳ ನಡುವೆ 'ಧಾರವಾಡದ ಅಪ್ಪಟ ಕೈ ಕಸೂತಿ' ಎಂಬ ಫಲಕ ತೂಗುತ್ತಿತ್ತು. ಕರಿಯ ಸೀರೆಯೊಂದರ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ ಸಾಲಾಗಿದ್ದವು. ಬೆಲೆ 1,900 ರೂಪಾಯಿ. ನಮ್ಮ ಅವ್ವನ ಟ್ರಂಕಿನಲ್ಲಿ ಚಂದ್ರಕಾಳಿ ಎಂಬ, ಕಸೂತಿ ಹಾಕಿದ ಕರಿಯ ಸೀರೆಯೊಂದಿತ್ತು. ಅದನ್ನು ಮಡಿಸುವಾಗೆಲ್ಲ ಸೆರಗಿನ ಒಳಮೈ ನೋಡುವ ಚಟ ಅವಳಿಂದ ನನಗೂ ಬಂದಿದೆ. ಸೀರೆಯನ್ನು ತಿರುಗಿಸಿ ನೋಡಿದೆ. ಮುಂದೆ ಕೆಂಪು, ಹಸಿರು ಇದ್ದ ಕಡೆಯೆಲ್ಲ ಹಿಂದೆ ಒಂದೇ ಬಿಳಿಯ ಬಾಬಿನ್ ದಾರವಿತ್ತು, ಆನೆಯ ಹೊಟ್ಟೆಯ ಹಿಂದೆ ಕಾಗದದಂಥ ಅಸ್ತರು ಅಂಟಿಕೊಂಡಿತ್ತು. ಇದು ಕಂಪ್ಯೂಟರ್ ಎಂಬ್ರಾಯಿಡರಿ ಅಲ್ಲವೇ ಎಂದು ಕೇಳಿದ್ದಕ್ಕೆ ಮಳಿಗೆಯ ಹುಡುಗ, "ಕೈದೇ ರೀ ಅಮ್ಮಾರ, ಮಿಷನ್ ಮ್ಯಾಲೆ ಕೈಲೇ ಇಟ್ಟು ಹೊಲೀತಾರ" ಎಂದ. ಆ ಜಾಣ ಉತ್ತರಕ್ಕೆ ನಕ್ಕುಬಿಟ್ಟೆವು. ನಗುವ ಮಾತು ಅದಲ್ಲವೆಂದು ಹೊಳೆದದ್ದು ಆಮೇಲೆ, ನಿಜವಾದ ಕಸೂತಿ ಎಲ್ಲಿದೆ ಎಂದು ಹುಡುಕಿಕೊಂಡು ಹೋದಾಗ.

ಅದು ಊಟದ ಮಳಿಗೆಗಳ ಹಿಂದೆ, ಮಿರ್ಚಿ ಕರಿಯುವ ಹೊಗೆ ಬರುವ ಕೊನೆಯ ಸಾಲಿನಲ್ಲಿತ್ತು. ಒಂದು ಮೇಜು, ಮೇಲೆ ಒಂದು ಮಂಕು ಬಲ್ಬು. ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಸೂಜಿ ಹಿಡಿದು ಕುಳಿತಿದ್ದರು. ನಾವು ಕೇಳುವ ಮೊದಲೇ, "ಅಕ್ಕಾರ, ಮೊದ್ಲು ಹಿಂದ ತಿರಿವಿ ನೋಡ್ರಿ" ಎಂದು ಬಟ್ಟೆಯನ್ನು ಕೈಗಿತ್ತರು. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆಯಿಲ್ಲ, ಅಚ್ಚಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಚಿತ್ತಾರ ಬೆಳೆಯಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದೊಂದು ಅಂತರ ಬಿಟ್ಟು ಮುಂದೆ ಸಾಗುತ್ತದೆ, ಗೆರೆಯ ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಮರಳುತ್ತ ಬಿಟ್ಟುಬಂದ ಅಂತರಗಳನ್ನು ತುಂಬುತ್ತದೆ. ಎಲ್ಲಿಯೂ ಗಂಟು ಹಾಕುವುದಿಲ್ಲವಾದ್ದರಿಂದ ಮುಂದಿನ ಗೋಪುರವೇ ಹಿಂದೆಯೂ ಇರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರಗಿಯದೂ ಇದೇ ಬಗೆ. ನೇಯ್ಗಿ ಹೊಲಿಗೆ ಮಗ್ಗದಲ್ಲೇ ನೇಯ್ದಂತೆ ತೋರುತ್ತದೆ, ಮೆಂತಿ ಎಂಬುದು ಮೆಂತ್ಯದ ಕಾಳು ಚೆಲ್ಲಿದಂಥ ಅಡ್ಡಗತ್ತರಿ ಹೊಲಿಗೆ. ಎಣಿಕೆಯಲ್ಲಿ ಒಂದೇ ಒಂದು ಎಳೆ ತಪ್ಪಿದರೂ ಮರಳಿ ಬರುವಾಗ ಗೆರೆ ಕೂಡುವುದಿಲ್ಲ, ತಪ್ಪಿದ ಜಾಗದ ತನಕ ಬಿಚ್ಚಲೇಬೇಕು. ನಾವು ನಿಂತಿದ್ದಾಗಲೇ ಅವರು ತೇರಿನ ಗಾಲಿಯೊಂದನ್ನು ಹಾಗೆ ಬಿಚ್ಚಿದರು. "ಮಾತಾಡ್ಕೋತ ಕುಂತ್ರ ಹಿಂಗಾಕ್ಕತಿ" ಎಂದು ತಮ್ಮನ್ನೇ ಬೈದುಕೊಂಡರು.

ಅವರ ಸೀರೆಯ ಬೆಲೆ 9,500 ರೂಪಾಯಿ. ಮನೆಗೆಲಸ ಮುಗಿಸಿ ಕುಳಿತು ಹೊಲಿದದ್ದು, ಎರಡೂವರೆ ತಿಂಗಳು ಹಿಡಿಯಿತಂತೆ. ಈಗ ನಾಚಿಕೆ ಬಿಟ್ಟು ಹೇಳಬೇಕು: ಇಷ್ಟೆಲ್ಲ ನೋಡಿದ ಮೇಲೂ "ಆ ಕಡೆ ಎರಡು ಸಾವಿರದೊಳಗೆ ಸಿಗುತ್ತದಲ್ಲ" ಎಂದು ಚೌಕಾಸಿಗೆ ಇಳಿದವಳು ನಾನೇ. ಅವರು ಬೇಸರ ಮಾಡಿಕೊಳ್ಳಲಿಲ್ಲ. ದಿನವೂ ಹತ್ತಾರು ಜನ ಇದೇ ಮಾತು ಆಡಿ ಹೋಗುತ್ತಾರೆಂದರು. ನನಗೇ ಹೀಗಾದರೆ, ಕಸೂತಿಯ ಹೆಸರಷ್ಟೇ ಕೇಳಿ ಬರುವ ಇಂದಿನ ಹುಡುಗಿಯರು ಎರಡು ಬೆಲೆಗಳ ನಡುವಿನ ಅಂತರವನ್ನು ದುರಾಸೆಯೆಂದೇ ತಿಳಿದರೆ ಅದು ಅವರ ತಪ್ಪಲ್ಲ. ಒಂದೇ ಹೆಸರಿನ ಫಲಕದಡಿ ಎರಡು ಬೇರೆ ಬೇರೆ ವಸ್ತುಗಳನ್ನು ಮಾರಲು ಬಿಟ್ಟಾಗ ಅಗ್ಗದ್ದು ದುಬಾರಿಯದನ್ನು ಕೊನೆಯ ಸಾಲಿಗೆ ತಳ್ಳುತ್ತದೆ.

ನಾನು ಯಂತ್ರದ ವಿರೋಧಿಯಲ್ಲ. ಬೆಟಗೇರಿಯ ಗೆಳತಿಯಂತೂ, "ನಮ್ಮ ಅಪ್ಪ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು ಕುಂತು ಮೊಣಕಾಲು ಕಳಕೊಂಡ. ಮಷೀನು ಬಂದ್ರ ಬರಲಿ ಬಿಡು" ಎಂದು ನನ್ನ ಬಾಯಿ ಮುಚ್ಚಿಸಿದಳು. ಸಾವಿರದ ಚಿಲ್ಲರೆಗೆ ಚಂದದ ಸೀರೆ ಉಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಅದನ್ನು ಯಂತ್ರದ ಕಸೂತಿ ಎಂದೇ ಕರೆದು ಮಾರಲಿ. ಈ ಭೇದ ಎಷ್ಟು ಬೆಲೆಯುಳ್ಳದ್ದೆಂದು ಹುಬ್ಬಳ್ಳಿಯವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬೆಂಗೇರಿಯ ಘಟಕದಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ, ಅದರ ಬಟ್ಟೆಯಲ್ಲಿ ಧಾರವಾಡದ ಹತ್ತಿರದ ನಮ್ಮ ಗರಗದ ನೇಕಾರರ ಕೈಗುಣವಿದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೆ ಒಪ್ಪಿಗೆ ಕೊಟ್ಟಾಗ ಬೆಂಗೇರಿಯಲ್ಲಿ ಎದ್ದ ಆತಂಕವನ್ನು ನಾವೆಲ್ಲ ಕಂಡಿದ್ದೇವೆ. ಆದರೂ ಅಲ್ಲಿ ಪಾಲಿಯೆಸ್ಟರಿನ ಧ್ವಜವನ್ನು ಪಾಲಿಯೆಸ್ಟರ್ ಎಂದಾದರೂ ಕರೆಯಲಾಯಿತು. ಮೇಳದಲ್ಲಿ ಅಷ್ಟೂ ಇರಲಿಲ್ಲ.

ನವಲಗುಂದದ ಜಮಖಾನದ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಆ ಮಗ್ಗವನ್ನು ನಾನೊಮ್ಮೆ ನವಲಗುಂದದಲ್ಲೇ ಕಂಡಿದ್ದೇನೆ. ಗೋಡೆಗೆ ನಿಲ್ಲಿಸಿದಂಥ ಎತ್ತರದ ಮಗ್ಗ. ಅದರ ಮುಂದೆ ಇಬ್ಬರು ಹೆಣ್ಣುಮಕ್ಕಳು ಅಕ್ಕಪಕ್ಕ ಕುಳಿತು ಬಣ್ಣದ ನೂಲನ್ನು ಬೆರಳಿನಿಂದಲೇ ತೂರಿಸಿ ಬಾಚಣಿಗೆಯಂಥ ಕಬ್ಬಿಣದ ಪಂಜಾದಿಂದ ದಪ್ ದಪ್ ಎಂದು ಬಡಿದು ಕೂರಿಸುತ್ತಿದ್ದರು. ಜಮಖಾನದ್ದೂ ಎರಡು ಮುಖ ಒಂದೇ, ಯಾವ ಕಡೆ ಹಾಸಿದರೂ ನವಿಲು ನವಿಲೇ. ಮೇಳದಲ್ಲಿ ಅದನ್ನು ಮಡಿಸಿ ಗಂಟು ಕಟ್ಟಿ ಪ್ಲಾಸ್ಟಿಕ್ ಚಾಪೆಗಳ ಮೇಲೆ ಒಟ್ಟಿದ್ದರು. ಬಿಚ್ಚಿ ತೋರಿಸಲು ಜಾಗವಿಲ್ಲ ಎಂದು ಮಾರುವವರೇ ಹೇಳಿದರು.

ಕಸೂತಿ, ಇಳಕಲ್ಲ ಸೀರೆ, ನವಲಗುಂದದ ಜಮಖಾನ ಮೂರಕ್ಕೂ ಭೌಗೋಳಿಕ ಸೂಚಕದ, ಅಂದರೆ ಊರಿನ ಹೆಸರಿಗೆ ಅಂಟಿಕೊಂಡ ವಸ್ತುವಿಗೆ ಸಿಗುವ ಕಾನೂನಿನ ಮಾನ್ಯತೆ ಇದೆ. ಆದರೆ ಇದರ 1999ರ ಕಾಯ್ದೆಯ ಪ್ರಕಾರ ಊರಿನ ವಸ್ತುವಿಗೆ ಮಾನ್ಯತೆ ಬಂದರೆ ಸಾಲದು, ತಯಾರಿಸುವವರು ಅಧಿಕೃತ ಬಳಕೆದಾರರೆಂದು ಬೇರೆಯಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಕೊನೆಯ ಸಾಲಿನ ಆ ಹೆಣ್ಣುಮಗಳಿಗೆ ಇದು ಗೊತ್ತೇ ಇರಲಿಲ್ಲ. ಮುಂಬದಿಯ ಮಳಿಗೆಯವರಿಗೆ ಗೊತ್ತಿತ್ತೋ ಇಲ್ಲವೋ, ಫಲಕದ ಮೇಲೆ ಧಾರವಾಡದ ಹೆಸರನ್ನಂತೂ ದೊಡ್ಡದಾಗಿ ಬರೆಸಿಕೊಂಡಿದ್ದರು. ಮೇಳ ನಡೆಸುವವರು ಮೇಳದ ಹತ್ತು ದಿನದಲ್ಲಿ ಒಂದು ದಿನ ಅಲ್ಲಿಯೇ ಒಂದು ಮೇಜು ಹಾಕಿ ಈ ನೋಂದಣಿಯ ಅರ್ಜಿ ತುಂಬಿಸಿಕೊಡುವ ವ್ಯವಸ್ಥೆ ಮಾಡಿದರೆ ದೊಡ್ಡ ಉಪಕಾರವಾದೀತು. ಮಳಿಗೆ ಹಂಚುವಾಗಲೇ ಕೈಯಿಂದ ಮಾಡಿದ್ದು ಯಾವುದು, ಯಂತ್ರದ್ದು ಯಾವುದು ಎಂದು ಕನ್ನಡದಲ್ಲಿ ಚೀಟಿ ಅಂಟಿಸಬೇಕೆಂಬ ಷರತ್ತು ಹಾಕಲಿ. ಕೈಯದಾದರೆ ಎಷ್ಟು ದಿನದ ಕೆಲಸವೆಂದೂ ಬರೆಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕುಳಿತು ಕೆಲಸ ಮಾಡಿ ತೋರಿಸುವವರನ್ನು ದ್ವಾರದ ಬಳಿಗೆ ತರಬೇಕು. ಎಳೆ ಎಣಿಸುವ ಕೆಲಸಕ್ಕೆ ಮಂಕು ಬಲ್ಬಿನಡಿ ಜಾಗ ಕೊಟ್ಟವರು ಕಸೂತಿಯನ್ನು ಎಂದೂ ಹತ್ತಿರದಿಂದ ನೋಡಿರಲಾರರು. ಬಾಡಿಗೆ ಹೆಚ್ಚು ಕೊಟ್ಟವರಿಗೆ ಮುಂದಿನ ಸಾಲು ಎಂಬ ನಿಯಮ ಬಟ್ಟೆಯಂಗಡಿಗಳ ಮೇಳಕ್ಕೆ ಸರಿ, ಕರಕುಶಲ ಮೇಳ ಎಂದು ಹೆಸರಿಟ್ಟುಕೊಂಡದ್ದಕ್ಕೆ ಸಲ್ಲದು.

ಅಂದು ನಾವು ಆ ಸೀರೆ ಕೊಳ್ಳಲಿಲ್ಲ, ಅಷ್ಟು ಹಣ ಯಾರ ಬಳಿಯೂ ಇರಲಿಲ್ಲ. ಧಾರವಾಡದ ಗೆಳತಿ ಮೊಮ್ಮಗಳಿಗೆಂದು ಒಂದು ಕಸೂತಿ ಕುಂಚಿಗೆ (ಕೂಸಿನ ತಲೆಗೆ ಹಾಕುವ ಕುಲಾವಿ) ಮುಂಗಡ ಕೊಟ್ಟು ಬಂದಳು. ಹೆಸರಿಡುವ ಹೊತ್ತಿಗೆ ಆಗದು, ಕೈಯಲ್ಲಿ ಬೇರೆ ಕೆಲಸವಿದೆ ಎಂದು ಆ ಹೆಣ್ಣುಮಗಳು ಮೊದಲೇ ತಿಳಿಸಿದರು. ಆದಾಗ ಕೊಡಿ ಎಂದು ಇವಳೂ ಒಪ್ಪಿದಳು. ಮುಂದಿನ ಮೇಳದ ಮಳಿಗೆ ಹಂಚಿಕೆ ಆಗುವ ಮೊದಲೇ ಈ ಮಾತು ಸಂಬಂಧಪಟ್ಟವರ ಕಿವಿಗೆ ಬೀಳಲೆಂದು ಈಗಲೇ ಬರೆದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ,
ಮಾಳಮಡ್ಡಿ, ಧಾರವಾಡ