ದೋಸ್ತನಿಗೊಂದು ಪತ್ರ: ಸಾಲಿ ಹುಡುಕುವ ಸೀಸನ್

ದೋಸ್ತ,

ಫೋನ್ ಮಾಡಿದರೆ ಮಧ್ಯದಲ್ಲೇ ನಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಹಾಕಿದ್ದೂ ಅದಕ್ಕೇ. ನಾಲ್ಕು ಜನರ ಮುಂದೆ ನೀನು ಬಲು ಮರ್ಯಾದಸ್ಥ.

ಜೂನ್ 1ಕ್ಕೆ ಮಗಳಿಗೆ ಆರು ತುಂಬಿರುತ್ತದೆ. ಒಂದನೇ ಕ್ಲಾಸು. ಹುಬ್ಬಳ್ಳಿಯ ಶಾಲೆ ವಾಚ್‌ಮನ್‌ಗಳೆಲ್ಲ ಈಗ ನನ್ನ ಪರಿಚಯದವರು. ಎಕ್ಸೆಲ್ ಶೀಟ್ ಮಾಡಿದ್ದೇನೆ, ಮೂರನೇ ಬೆಂಚಿನ ಆಣೆ! ಸ್ಟೇಟ್ ಸಿಲೆಬಸ್ಸೋ ಸಿಬಿಎಸ್‌ಇಯೋ, ಒಂದು ಸೆಕ್ಷನ್ನಿಗೆ ಎಷ್ಟು ಮಕ್ಕಳು, ಮೈದಾನದಲ್ಲಿ ಮಣ್ಣಿದೆಯೋ ಪ್ಲಾಸ್ಟಿಕ್ ಹುಲ್ಲೋ, ಬಸ್ ಕೇಶ್ವಾಪುರಕ್ಕೆ ಬರುತ್ತದೋ ಇಲ್ಲವೋ. ಚೆನ್ನಮ್ಮ ಸರ್ಕಲ್ ದಾಟಬೇಕಾದ ಶಾಲೆಗೆ ಅಲ್ಲೇ ಅರ್ಧ ಮಾರ್ಕ್ಸ್ ಕಟ್. ಫ್ಲೈಓವರ್ ಮುಗಿಯುವಷ್ಟರಲ್ಲಿ ಅವಳ ಎಸ್‌ಎಸ್‌ಎಲ್‌ಸಿ ಮುಗಿದಿರುತ್ತದೆ.

ಒಂದು ಕಡೆ 'ಪೇರೆಂಟ್ಸ್ ಇಂಟರಾಕ್ಷನ್' ಅಂತ ಕರೆದರು. ಮಗುವನ್ನಾಗಲಿ ಅಪ್ಪ-ಅಮ್ಮನನ್ನಾಗಲಿ ಪರೀಕ್ಷೆ ಮಾಡಿ ಸೀಟು ಕೊಡುವಂತಿಲ್ಲ. 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 13ನೇ ಸೆಕ್ಷನ್. ಮೊದಲ ಸಲ ಸಿಕ್ಕಿಬಿದ್ದರೆ 25,000 ರೂಪಾಯಿವರೆಗೆ ದಂಡ. ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ. ಹೋಗಿ ಇಸ್ತ್ರಿ ಶರ್ಟಿನಲ್ಲಿ ಕೈಕಟ್ಟಿ ಕೂತೆ. ಮೇಡಂ ಇಂಗ್ಲಿಷ್‌ನಲ್ಲಿ ಒಂದು ಮಾತು ಕೇಳಿದರು ನೋಡು, ಶಾಲೆಯಲ್ಲಿ ನನಗೆ 'ಕೊಡೆ' ಅಂತ ಹೆಸರು ಬಿದ್ದ ದಿನದ ಬೆವರೇ ಬಂತು.

ಕೊನೆಗೆ ಫೀ ಚೀಟಿ ಕೊಟ್ಟರು. ಎದೆ ಧಸಕ್ಕೆಂದಿತು. ಅದರ ಬೆನ್ನಿಗೇ ಒಂಥರಾ ಸಮಾಧಾನವೂ ಆಯಿತು. ಇಷ್ಟು ಕಟ್ಟುವವರ ಮಕ್ಕಳೇ ಇಲ್ಲಿರುತ್ತಾರಲ್ಲ, ಅಂತ. ಗೇಟಿನ ಮುಂದೆ ಯಾವ ಯಾವ ಕಾರು ನಿಂತಿವೆ ಅಂತಲೂ ನೋಡಿಕೊಂಡು ಬಂದು ಮನೆಯಲ್ಲಿ ಹೇಳಿದೆ. "ಸಾಲಿ ನೋಡಾಕ ಹೋಗಿದ್ರೋ, ಕಾರ್ ನೋಡಾಕ ಹೋಗಿದ್ರೋ?" ಅಂದಳು ಇವಳು.

ಆ ಸಮಾಧಾನ ಮಾತ್ರ ರಾತ್ರಿ ನಿದ್ದೆ ಕೊಡಲಿಲ್ಲ. ಮಾಳಮಡ್ಡಿಯ ನಮ್ಮ ಶಾಲೆಗೆ ಇಂಥ ಫೀ ಇದ್ದಿದ್ದರೆ ನೀನು ಅಲ್ಲಿ ಇರುತ್ತಿದ್ದೆಯಾ? ನಿಮ್ಮಪ್ಪ ವರ್ಷವಿಡೀ ಪಂಕ್ಚರ್ ಹಾಕಿದ್ದರೂ ಒಂದು ಟರ್ಮಿಗೆ ಸಾಲುತ್ತಿರಲಿಲ್ಲ. ನನಗೆ ಲೆಕ್ಕ ಕಲಿಸಿದ್ದು ಮೇಷ್ಟ್ರಲ್ಲ, ನೀನು. ಈಗ ಮಗಳ ಪಕ್ಕದಲ್ಲಿ ನಿನ್ನಂಥವನು ಕೂರುವುದಿಲ್ಲ ಅಂತ ನನಗೆ ಹಾಯೆನಿಸಿತು. ಅಷ್ಟೇ ವಿಷಯ. ತಿರುಗಿಸಿ ಮುರುಗಿಸಿ ನೋಡಿದೆ, ಬೇರೆ ಅರ್ಥ ಸಿಗಲಿಲ್ಲ.

ಇವತ್ತಿನ ಪಂಕ್ಚರ್ ಅಂಗಡಿಯವರ ಮಕ್ಕಳೂ ಬರಲಿ ಅಂತಲೇ ಅದೇ ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ಇಟ್ಟಿತ್ತು. ನಮ್ಮ ರಾಜ್ಯದಲ್ಲಿ 2019ರಲ್ಲಿ ನಿಯಮ ಬದಲಾಯಿತು. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟಿಲ್ಲ. ಹುಬ್ಬಳ್ಳಿಯಂಥ ಊರಲ್ಲಿ ಸರ್ಕಾರಿ ಶಾಲೆ ಎಷ್ಟು ದೂರ ಇರುತ್ತದೆ, ನೀನೇ ಹೇಳು. ಆಗ ಸುದ್ದಿ ಓದಿ ಪುಟ ತಿರುಗಿಸಿದ್ದೆ. ಆಗಿನ್ನೂ ಮಗಳು ಹುಟ್ಟಿರಲಿಲ್ಲ, ನನಗೇನು?

ಸಾಕು ಬಿಡು. ಇಷ್ಟೆಲ್ಲ ಬರೆಯುವ ಇರಾದೆ ಇರಲಿಲ್ಲ. ನೀನು ಬೈಯುವುದಿದ್ದರೆ ಫೋನಿನಲ್ಲಿ ಬೈ, ಇಲ್ಲಿ ನನ್ನ ಆಫೀಸಿನವರಿದ್ದಾರೆ.

ಉಳಿದ ಓದುಗರೇ, ಕೇಶ್ವಾಪುರದ ಸುತ್ತ ಒಳ್ಳೆ ಶಾಲೆ ಗೊತ್ತಿದ್ದರೆ ತಿಳಿಸಿ. ಫೀ ಕಡಿಮೆ ಇರಲಿ. ತೀರಾ ಕಡಿಮೆ ಬೇಡ.

ನಿನ್ನ,
ಕೊಡೆ