ಉದ್ಘಾಟನೆಯಿಲ್ಲದ ವರ್ಷಗಳು

ಶಿರಸಿ,
ದೀಪಾವಳಿಯ ಮರುವಾರ

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ನೀನು ಕಾರವಾರದಿಂದ ಕಳಿಸಿದ ಲೇಖನ ಕೈಸೇರಿ ಹದಿನೈದು ದಿವಸಗಳಾದವು. ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ನಿನ್ನ ಸಿಟ್ಟು ನನಗೆ ಹಿಡಿಸಿತು; ಎರಡನೆಯ ಸಲ ಓದಿದಾಗ ಆ ಸಿಟ್ಟು ತಪ್ಪು ಜಾಗದಲ್ಲಿ ನಿಂತಿದೆ ಎನಿಸಿತು. ಧಾರವಾಡದಲ್ಲಿ ಕಲ್ಲೆಸೆದರೆ ಕವಿಯ ಮನೆಯ ಮೇಲೆ ಬೀಳುತ್ತದೆ ಎಂಬ ಹಳೆಯ ಮಾತನ್ನು ಎತ್ತಿಕೊಂಡು, ಅದು ಅಲ್ಲಿಯ ನೀರಿನ ಗುಣ, ನಮ್ಮ ಕಾರವಾರಕ್ಕೆ ಆ ಗುಣವಿಲ್ಲ ಎಂದು ಬರೆದಿದ್ದೀಯ. ಕೊನೆಗೆ, ಸರಕಾರ ಪ್ರತಿ ವರ್ಷವೂ ಕಡಲ ತೀರದಲ್ಲಿ ದೊಡ್ಡ ಉತ್ಸವವೊಂದನ್ನು ಮಾಡಿದರೆ ಈ ಕೊರತೆ ನೀಗುತ್ತದೆ ಎಂದು ಮುಗಿಸಿದ್ದೀಯ. ಈ ಎರಡು ಮಾತುಗಳ ನಡುವೆ ಒಂದು ದೊಡ್ಡ ವಿಷಯ ನಿನ್ನ ಕಣ್ಣು ತಪ್ಪಿಸಿಕೊಂಡಿದೆ. ಅದನ್ನು ಹೇಳಬೇಕೆಂದೇ ಈ ಪತ್ರ.

ಮೊದಲು ನೀರಿನ ಗುಣದ ಮಾತು. 1862ರಿಂದ 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಧಾರವಾಡವೂ ಒಂದೇ ಮುಂಬಯಿ ಆಡಳಿತದ ಕೆಳಗಿದ್ದವು. ಬೊಕ್ಕಸ ಒಂದೇ, ಕಾನೂನೂ ಒಂದೇ. ಆ ಆಡಳಿತ ಕಾರವಾರಕ್ಕೆ ಕಲೆಕ್ಟರರ ಕಚೇರಿಯನ್ನೂ ಜಿಲ್ಲಾ ನ್ಯಾಯಾಲಯವನ್ನೂ ಸುಂಕದ ಕಚೇರಿಯನ್ನೂ ಕೊಟ್ಟಿತು. ಧಾರವಾಡಕ್ಕೆ ಶಿಕ್ಷಣ ಖಾತೆಯ ಕಚೇರಿ, ಮಾಸ್ತರರನ್ನು ತಯಾರಿಸುವ ಟ್ರೇನಿಂಗ್ ಕಾಲೇಜು ಬಂದವು. 1917ರಲ್ಲಿ ಕರ್ನಾಟಕ ಕಾಲೇಜು ಬಂತು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಅಲ್ಲಿ ನೆಲೆಯಾಯಿತು, 1950ರ ಜನವರಿಯಲ್ಲಿ ಆಕಾಶವಾಣಿ ಕೇಂದ್ರ ತೆರೆಯಿತು. 1890ರಲ್ಲಿ ವಿದ್ಯಾವರ್ಧಕ ಸಂಘವನ್ನು ಕಟ್ಟಿದವರು ಸರಕಾರದವರಲ್ಲ, ಕನ್ನಡದ ಕಳಕಳಿಯಿದ್ದ ಜನರು. ಆ ಮಾತನ್ನು ನಾನು ಮರೆಯುವುದಿಲ್ಲ. ಆದರೆ ಸಂಜೆಗೆ ಸಂಘದ ಮೆಟ್ಟಿಲು ಹತ್ತಿ ಬರುತ್ತಿದ್ದ ಮಾಸ್ತರರಿಗೂ ಪ್ರಾಧ್ಯಾಪಕರಿಗೂ ತಿಂಗಳ ಮೊದಲ ವಾರದಲ್ಲಿ ಪಗಾರ ಕೈಗೆ ಬರುತ್ತಿತ್ತು, ಮತ್ತು ಅದು ಮುಂದಿನ ತಿಂಗಳೂ ಬರುತ್ತದೆ ಎಂಬ ಭರವಸೆಯಿತ್ತು. ಬೇಂದ್ರೆಯವರು ಧಾರವಾಡ ಆಕಾಶವಾಣಿಯ ಸಾಹಿತ್ಯ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನಸೂರರು ಅಲ್ಲಿಯೇ ಸಂಗೀತ ಸಲಹೆಗಾರರಾಗಿದ್ದರು. ಆ ಇಬ್ಬರ ಪ್ರತಿಭೆಯನ್ನು ಯಾವ ಸರಕಾರವೂ ಹುಟ್ಟಿಸಲಿಲ್ಲ. ಆದರೆ ಅವರಿದ್ದ ಊರಿನಲ್ಲಿ ಅವರ ಸುತ್ತ ನೂರಾರು ಸಣ್ಣ ಪ್ರತಿಭೆಗಳು ಉಸಿರಾಡಲು, ಕಲಿಯಲು, ಒಂದು ಹಾಡನ್ನೋ ಒಂದು ಭಾಷಣವನ್ನೋ ಕೊಟ್ಟು ನಾಲ್ಕು ಕಾಸು ಸಂಪಾದಿಸಲು ಜಾಗ ಮಾಡಿಕೊಟ್ಟದ್ದು ನೂರು ವರ್ಷಗಳ ಆ ಪಗಾರ.

ಕಾರವಾರದ ಪಾಲಿಗೆ ಬಂದದ್ದು ನ್ಯಾಯಾಲಯ. ಆ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ಸತ್ಯೇಂದ್ರನಾಥ ಠಾಕೂರರು ಬಂದರು. 1883ರ ಸುಮಾರಿಗೆ, ಇಪ್ಪತ್ತೆರಡರ ಆಸುಪಾಸಿನಲ್ಲಿದ್ದ ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದು ಉಳಿದು, ಕಾಳಿ ನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋಗಿ, ಇಲ್ಲಿದ್ದಾಗಲೇ ನಾಟಕವೊಂದನ್ನು ಬರೆದರು. ನೀನು ಈ ಕಥೆಯನ್ನು ಊರಿನ ಹೆಮ್ಮೆಯೆಂದು ಒಂದು ಪೂರ್ತಿ ಪುಟ ಬರೆದಿದ್ದೀಯ. ಹೆಮ್ಮೆ ಪಡುವುದು ಸರಿಯೇ. ಆದರೆ ಲೇಖಕನಾಗಿ ನೀನು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಸರಕಾರ ಒಂದು ಊರಿಗೆ ನ್ಯಾಯಾಧೀಶರ ಹುದ್ದೆ ಕೊಟ್ಟದ್ದರಿಂದ ಆ ಊರಿಗೆ ಕೆಲವು ತಿಂಗಳು ಒಬ್ಬ ಮಹಾಕವಿ ದೊರೆತರು, ಆಮೇಲೆ ಹೊರಟುಹೋದರು. ಇನ್ನೊಂದು ಊರಿಗೆ ಕಾಲೇಜು ಕೊಟ್ಟದ್ದರಿಂದ ಅಲ್ಲಿ ತಲೆಮಾರುಗಟ್ಟಲೆ ಕವಿಗಳು ನಿಂತರು.

ಇದೇ ಠಾಕೂರರ ನೆಪದಲ್ಲಿ ಇನ್ನೊಂದು ಸಂಗತಿಯನ್ನು ನಿನಗೆ ತೋರಿಸುತ್ತೇನೆ. 1961ರಲ್ಲಿ ಅವರ ಜನ್ಮಶತಮಾನೋತ್ಸವ ಬಂದಾಗ ಕೇಂದ್ರ ಸರಕಾರದ ನೆರವಿನಿಂದ ರಾಜ್ಯಗಳ ರಾಜಧಾನಿಗಳಲ್ಲಿ ಅವರ ಹೆಸರಿನ ರಂಗಮಂದಿರಗಳು ಎದ್ದವು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ಹಾಗೆ 1963ರಲ್ಲಿ ತೆರೆಯಿತು. ಕವಿ ನಡೆದಾಡಿದ ಕಾರವಾರಕ್ಕೆ ಕಡಲ ತೀರದ ಹೆಸರು ಮಾತ್ರ ದಕ್ಕಿತೆಂದು ನಿನಗೆ ನೋವಾದೀತು; ನನಗೂ ಆಗಿದೆ. ಆದರೆ ನೋಡಬೇಕಾದದ್ದು ಮುಂದಿನ ಒಂಬತ್ತು ವರ್ಷ. 1972ರಲ್ಲಿ ಬಿ.ವಿ. ಕಾರಂತರು ಅದೇ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಮೂರು ನಾಟಕಗಳನ್ನು ಆಡಿಸಿದರು, ಮತ್ತು ಕನ್ನಡ ಹವ್ಯಾಸಿ ರಂಗಭೂಮಿಯ ದಾರಿಯೇ ಅಲ್ಲಿಂದ ಬದಲಾಯಿತು. ಕಟ್ಟಡ ಕಟ್ಟಿದವರು ಆ ಬಯಲಿನ ನಾಟಕಗಳನ್ನು ಯೋಚಿಸಿ ಕಟ್ಟಿರಲಿಲ್ಲ. ಒಂಬತ್ತು ವರ್ಷ ದೀಪ ಉರಿಯಿತು, ಕಸ ಗುಡಿಸಿದರು, ಕಾವಲುಗಾರ ಬಾಗಿಲು ತೆರೆದ, ಕಚೇರಿ ಮುಗಿಸಿ ಬಂದ ಗುಮಾಸ್ತರು ಅಲ್ಲಿ ಅಭಿನಯ ಕಲಿತರು. ಆಮೇಲೆ ಅದು ಆಯಿತು. ಆ ಒಂಬತ್ತು ವರ್ಷಗಳಲ್ಲಿ ಯಾವ ಒಂದು ವರ್ಷದ ಕೊನೆಗೆ ಲೆಕ್ಕ ತಪಾಸಣೆಯವರು ಬಂದು ಇದರಿಂದ ಏನು ಬೆಳೆಯಿತು ಎಂದು ಕೇಳಿದ್ದರೂ ತೋರಿಸಲು ಹೆಚ್ಚೇನೂ ಇರುತ್ತಿರಲಿಲ್ಲ.

ಈಗ ನಮ್ಮ ಕಡೆಯ ಒಂದು ಕಟ್ಟಡದ ಮಾತು. ಕರಾವಳಿಯ ಒಂದು ಊರು, ಹೆಸರು ಬೇಡ. ಅಲ್ಲಿ ಹೊಸ ರಂಗಮಂದಿರ ತೆರೆದ ದಿನ ನಾನಿದ್ದೆ. ಹೆಸರುಗಳನ್ನು ಕೆತ್ತಿದ ಕರಿಕಲ್ಲು ಮಿಂಚುತ್ತಿತ್ತು, ರಂಗದ ಹಲಗೆಯ ಮೇಲೆ ವಾರ್ನಿಶ್ ವಾಸನೆ ಇನ್ನೂ ಆರಿರಲಿಲ್ಲ. ಮೂರು ಮಳೆಗಾಲ ಕಳೆದ ಮೇಲೆ ಶ್ರಾವಣದಲ್ಲಿ ಅಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ, ಇಟ್ಟುಕೊಂಡೆವು. ಬೀಗದ ಕೈ ಎದುರಿನ ಚಹಾದ ಅಂಗಡಿಯಲ್ಲಿತ್ತು, ಏಕೆಂದರೆ ಕಾವಲುಗಾರನಿಗೆ ಪಗಾರ ಕೊಡುವವರಿಲ್ಲದೆ ಅವನು ಬಂದರಿನ ಕೆಲಸಕ್ಕೆ ಹೋಗಿದ್ದ. ಉಪ್ಪುಗಾಳಿಗೆ ಸ್ವಿಚ್ಚಿನ ಬೋರ್ಡು ತುಕ್ಕು ಹಿಡಿದಿತ್ತು. ಮೈಕನ್ನು ಶಾಮಿಯಾನದವನಿಂದ ತಂದೆವು. ಪ್ರಸಂಗ ಏರುವ ಹೊತ್ತಿಗೆ ಮೇಲಿನ ತಗಡಿನ ಸಂದಿಯಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ಮದ್ದಳೆಯವರು ಬಾರಿಸುವುದನ್ನು ನಿಲ್ಲಿಸದೆ ಕುಳಿತಲ್ಲಿಂದಲೇ ಹಿಂದಕ್ಕೆ ಸರಿದು, ಪದ್ಯ ಮುಗಿದ ಕೂಡಲೇ ತಮ್ಮ ಶಾಲನ್ನು ಬಿಚ್ಚಿ ಮದ್ದಳೆಗೆ ಹೊದಿಸಿದರು. ಚರ್ಮ ನೆನೆದರೆ ಶ್ರುತಿ ಇಳಿಯುತ್ತದೆ. ಆ ರಾತ್ರಿ ಅವರು ಚಳಿಯಲ್ಲಿ ಬರಿಯ ಬನಿಯನ್ನಿನಲ್ಲಿ ಕುಳಿತದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಚೀಚೆ ಮಳೆ ಸುರಿಯುವ ನೆಲದಲ್ಲಿ ಕಟ್ಟಡವೆಂದರೆ ಪ್ರತಿ ವರ್ಷ ಮರಳಿ ಕಟ್ಟುವ ವಸ್ತು. ಮಳೆ ಹಿಡಿಯುವ ಮೊದಲು ಕೊಳೆ ಮದ್ದು ಹೊಡೆಯದ ಅಡಿಕೆ ತೋಟ ಆ ವರ್ಷ ಏನಾಗುತ್ತದೆಯೆಂದು ಘಟ್ಟದ ಮೇಲಿನ ಯಾವ ಮಗುವೂ ಹೇಳುತ್ತದೆ. ಕಟ್ಟಲು ಕೋಟಿ ಮಂಜೂರಾಗುತ್ತದೆ. ತಗಡಿಗೆ ಡಾಂಬರು ಬಳಿಯಲು ಸಾವಿರ ಮಂಜೂರಾಗುವುದಿಲ್ಲ.

ಇದಕ್ಕೆ ಕಾರಣ ಯಾರದೋ ಕೆಟ್ಟತನವೇ ಆಗಬೇಕೆಂದಿಲ್ಲ. ಸರಕಾರದ ಹಣಕ್ಕೆ ಮಾರ್ಚ್ 31 ಎಂಬ ಗಡುವಿದೆ. ಅಷ್ಟರೊಳಗೆ ಖರ್ಚಾಗದ ಅನುದಾನ ಮರಳಿ ಹೋಗುತ್ತದೆ. ಹಾಗಾಗಿ ಬೇಗ ಖರ್ಚಾಗುವ ಕೆಲಸವೇ ಅಧಿಕಾರಿಗೆ ಸುಲಭ. ಪೆಂಡಾಲು, ದೀಪಾಲಂಕಾರ, ಹೊರಗಿನಿಂದ ಕರೆಸಿದ ಗಾಯಕರ ಸಂಭಾವನೆ ಮೂರು ದಿನದಲ್ಲಿ ಖರ್ಚಾಗುತ್ತವೆ. ಒಬ್ಬ ಹುಡುಗಿಗೆ ಹತ್ತು ವರ್ಷ ಸಂಗೀತ ಕಲಿಸುವ ಹಣ ಮೂರು ದಿನದಲ್ಲಿ ಖರ್ಚಾಗುವುದಿಲ್ಲ. ಸರಕಾರಕ್ಕೆ ದೂರದೃಷ್ಟಿಯೇ ಇಲ್ಲವೆಂದು ಮಾತ್ರ ಬರೆಯಬೇಡ. ಕಾಳಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದ್ದು, ಕೈಗಾದಲ್ಲಿ ಅಣುಸ್ಥಾವರ ತಂದದ್ದು, ಕಾರವಾರದಲ್ಲಿ ನೌಕಾನೆಲೆ ಮಾಡಿದ್ದು ಎಲ್ಲವೂ ದಶಕಗಳ ಯೋಜನೆಗಳು. ಅವುಗಳಿಗಾಗಿ ನಮ್ಮ ಜನ ಮನೆ, ಗದ್ದೆ, ದೋಣಿ ಎಳೆಯುವ ದಂಡೆಗಳನ್ನು ಬಿಟ್ಟುಕೊಟ್ಟಿದ್ದಾರೆ. ಅಷ್ಟು ದೀರ್ಘವಾಗಿ ಯೋಚಿಸಬಲ್ಲ ಆಡಳಿತ ಇದೇ ಜಿಲ್ಲೆಯ ಹಾಡು, ಕುಣಿತ, ಪುಸ್ತಕಗಳ ವಿಷಯದಲ್ಲಿ ಒಂದು ವರ್ಷದಾಚೆ ಯೋಚಿಸದಿರುವುದು ನ್ಯಾಯವಲ್ಲ ಎಂಬುದು ನನ್ನ ತಕರಾರು. ನಿನ್ನದೂ ಅದೇ ಆಗಬೇಕು.

ದೀರ್ಘಕಾಲದ ಹಣ ಹೇಗೆ ಕೆಲಸ ಮಾಡುತ್ತದೆಂದು ನೋಡಲು ದೂರ ಹೋಗಬೇಕಾಗಿಲ್ಲ. ನಿಮ್ಮ ಮನೆಯ ಆಸ್ತಿ ತೆರಿಗೆಯ ಪಾವತಿ ಚೀಟಿಯನ್ನು ಹುಡುಕಿ ತೆಗೆ. ಅದರಲ್ಲಿ ಆರೋಗ್ಯ ಕರದ ಹತ್ತಿರ ಗ್ರಂಥಾಲಯ ಕರ ಎಂಬ ಸಾಲಿರುತ್ತದೆ. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಹುಟ್ಟಿದ ಕರ ಅದು. ಯಾವ ಮಂತ್ರಿಯ ಮರ್ಜಿಯನ್ನೂ ಕಾಯದೆ, ಮನೆಯಿದ್ದವರೆಲ್ಲರಿಂದ ವರ್ಷ ವರ್ಷ ಬರುವ ಹಣ. ಊರಾಡಳಿತಗಳು ಅದನ್ನು ವಸೂಲು ಮಾಡಿ ಗ್ರಂಥಾಲಯಕ್ಕೆ ದಾಟಿಸಬೇಕು. ದಾಟಿಸದೆ ಬಾಕಿ ಉಳಿಸಿಕೊಂಡ ಕಡೆ ಹೊಸ ಪುಸ್ತಕ ಬರುವುದು ನಿಲ್ಲುತ್ತದೆ. ಇದೇ ವ್ಯವಸ್ಥೆಯ ಸಗಟು ಖರೀದಿಯಲ್ಲಿ ಮುನ್ನೂರು ಪ್ರತಿ ಹೋಗುತ್ತದೆಂಬ ಧೈರ್ಯದ ಮೇಲೆ ಎಷ್ಟೋ ಪ್ರಕಾಶಕರು ಹೊಸಬರ ಕವನ ಸಂಕಲನಕ್ಕೆ ಕೈಹಾಕಿದ್ದಾರೆ. ನಾಳೆ ನಿನ್ನ ಮೊದಲ ಪುಸ್ತಕ ಬಂದಾಗ, ನಿನಗೆ ಪರಿಚಯವೇ ಇಲ್ಲದ ಒಬ್ಬ ವಿಧವೆ ಕಟ್ಟಿದ ಮನೆ ತೆರಿಗೆಯ ಆರು ರೂಪಾಯಿಯೂ ಅದರಲ್ಲಿ ಇರುತ್ತದೆ.

ನಾನು ಓದಲು ಕಲಿತದ್ದು ಅಂಥ ಒಂದು ಸಣ್ಣ ಗ್ರಂಥಾಲಯದಲ್ಲಿ. ಮಳೆ ಬಿಟ್ಟು ದಸರೆಯ ಬಿಸಿಲು ಬೀಳುತ್ತಲೇ ಅಲ್ಲಿಯ ಗ್ರಂಥಪಾಲಕರು ಅಂಗಳದಲ್ಲಿ ಕಂಬಳಿ ಹಾಸಿ, ಬೂಸಲು ಹಿಡಿದ ಪುಸ್ತಕಗಳನ್ನು ಬೆನ್ನು ಮೇಲಾಗಿ ಗುಡಾರದಂತೆ ನಿಲ್ಲಿಸುತ್ತಿದ್ದರು. ಹುಡುಗರಾದ ನಮಗೆ ಪುಟ ಬಿಡಿಸಿ ಒರೆಸುವ ಕೆಲಸ. ಮೈದಾ ಅಂಟಿಗೆ ಮೈಲುತುತ್ತ ಸೇರಿಸಿ ಅವರು ಬೆನ್ನು ಹಚ್ಚುತ್ತಿದ್ದರು, ಕಪಾಟಿನ ಮೂಲೆಗಳಲ್ಲಿ ನುಸಿಗುಳಿಗೆ ಇಡುತ್ತಿದ್ದರು. ಒರೆಸುತ್ತ ಒರೆಸುತ್ತ ನಾನು ಓದಿದೆ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ನೀನು ಒಂದು ಪ್ರಶ್ನೆ ಕೇಳಬಹುದು. ಸರಕಾರದ ಹಂಗಿಲ್ಲದೆ ನಮ್ಮಲ್ಲಿ ಏನೂ ಬೆಳೆಯಲಿಲ್ಲವೇ? ಬೆಳೆದಿದೆ, ಬಹಳ ಬೆಳೆದಿದೆ. ಕೆರೆಮನೆ ಶಿವರಾಮ ಹೆಗಡೆಯವರು ಯಕ್ಷಗಾನದ ಇಡಗುಂಜಿ ಮೇಳವನ್ನು 1934ರಲ್ಲಿ ಕಟ್ಟಿದಾಗ ಯಾವ ಅಕಾಡೆಮಿಯೂ ಇರಲಿಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಬಡಮಕ್ಕಳಿಗೆ ಶಾಲೆಗಳನ್ನು ತೆರೆದದ್ದು ಜನರ ಬಲದ ಮೇಲೆ. ನಮ್ಮ ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಜಾತ್ರೆಯಿಲ್ಲದ ವರ್ಷದ ಹೋಳಿ ಹಬ್ಬಕ್ಕೆ ಬೇಡರ ವೇಷದ ಕುಣಿತ. ನಾಟಕ ಕಂಪನಿಗಳು ಆ ಲೆಕ್ಕ ಹಿಡಿದೇ ಇಲ್ಲಿ ಮೊಕ್ಕಾಂ ಹೂಡುತ್ತವೆ. ಜನ ನಡೆಸುವ ಕೆಲಸದಲ್ಲಿ ಇರುವ ಈ ಖಾತ್ರಿಯೇ ಸರಕಾರ ನಡೆಸುವ ಉತ್ಸವಗಳಲ್ಲಿ ಇಲ್ಲ. ಈ ವರ್ಷ ಆದದ್ದು ಮುಂದಿನ ವರ್ಷ ಆಗುತ್ತದೆಂದು ಯಾರೂ ಹೇಳಲಾರರು. ಆದರೆ ಇನ್ನಷ್ಟು ಹತ್ತಿರ ಹೋಗಿ ನೋಡು. ಜನ ಕಟ್ಟಿದ ಎಷ್ಟೋ ಹೈಸ್ಕೂಲುಗಳಲ್ಲಿ ಮಾಸ್ತರರ ಪಗಾರ ಸರಕಾರದ ಅನುದಾನದಿಂದ ಬಂದಿದೆ. ಗುಣವಂತೆಯಲ್ಲಿ ಶಿವರಾಮ ಹೆಗಡೆಯವರ ಮಗ ಶಂಭು ಹೆಗಡೆಯವರು 1986ರಲ್ಲಿ ಯಕ್ಷಗಾನ ಕಲಿಸುವ ಕೇಂದ್ರ ತೆರೆದರು. ಅಂಥ ಕಡೆ ಗುರುವಿಗೂ ಶಿಷ್ಯನಿಗೂ ಊಟ, ವಸತಿ, ವೇಷಭೂಷಣ ಬೇಕು. ರಾತ್ರಿ ಆಟದ ಟಿಕೆಟ್ಟಿನಿಂದ ಅದು ಹುಟ್ಟುವುದಿಲ್ಲ.

ಘಟ್ಟದ ಮೇಲಿನವನಾದ ನನಗೆ ಇದು ಸೊಪ್ಪಿನ ಬೆಟ್ಟದ ಲೆಕ್ಕದಲ್ಲಿ ಅರ್ಥವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಿಂದ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದಾರೆ. ಸಿಂಗಾರ ಬಿಡುವುದು, ಕೊನೆ ತೂಗುವುದು ತೋಟದಲ್ಲಿ. ಆದರೆ ಸೊಪ್ಪು, ದರಕಿನ ಒಣ ಎಲೆ, ಗೊಬ್ಬರ, ನೀರಿನ ಒರತೆ ಎಲ್ಲವೂ ಬೆಟ್ಟದಿಂದ. ಬಂದ ನೆಂಟರಿಗೆ ತೋಟ ತೋರಿಸುತ್ತೇವೆ, ಬೆಟ್ಟಕ್ಕೆ ಯಾರನ್ನೂ ಕರೆದೊಯ್ಯುವುದಿಲ್ಲ. ನಿನ್ನ ಲೇಖನದಲ್ಲಿ ತೋಟ ಚೆನ್ನಾಗಿ ಬಂದಿದೆ.

ಹಾಗಾದರೆ ತಿದ್ದಿ ಬರೆಯುವಾಗ ಏನು ಮಾಡಬೇಕು? ‘ಸರಕಾರ’ ಎಂಬ ಒಂದೇ ಶಬ್ದವನ್ನು ಎಲ್ಲ ಕಡೆ ಬಳಸಬೇಡ. ನಗರಸಭೆ ಬೇರೆ, ಜಿಲ್ಲಾಡಳಿತ ಬೇರೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಬೇರೆ, ದಿಲ್ಲಿ ಬೇರೆ; ಯಾರು ಕಟ್ಟಿದರು, ಯಾರು ದುರಸ್ತಿ ಮಾಡಬೇಕು, ಯಾರು ಮಾಡಲಿಲ್ಲ ಎಂದು ಬಿಡಿಸಿ ಬರೆ. ನಗರಸಭೆಯ ಬಜೆಟ್ ಪುಸ್ತಕವನ್ನು ಕೇಳಿ ಪಡೆದು ಓದು. ಕವಿತೆ ಓದುವಷ್ಟೇ ನಿಧಾನವಾಗಿ ಓದು. ಕೆಲಸಗಾರರನ್ನು ಮಾತಾಡಿಸು. ಆಕಾಶವಾಣಿ ಕಾರವಾರದಲ್ಲಿ ಮೊದಲ ಸಲ ಹಾಡಿದ ಹಾಲಕ್ಕಿ ಸಮುದಾಯದ ಹೆಂಗಸರು, ಮಾಸಾಶನದ ಅರ್ಜಿ ಹಿಡಿದು ಅಲೆದ ಹಳೆಯ ವೇಷಧಾರಿ, ಇವರು ನಿನ್ನ ಲೇಖನದಲ್ಲಿ ಒಬ್ಬರೂ ಇಲ್ಲ. ಇನ್ನೊಂದು ಎಚ್ಚರವನ್ನೂ ಹೇಳಬೇಕು. ಸಾರ್ವಜನಿಕ ಹಣದಿಂದ ಬೆಳೆದವನು ಆಳುವವರ ಋಣಿಯಲ್ಲ, ತೆರಿಗೆ ಕಟ್ಟಿದವರ ಋಣಿ. ಅಕಾಡೆಮಿಯ ಕುರ್ಚಿಗಳಿಗೆ ನೇಮಕ ಮಾಡುವುದು ಸರಕಾರ, ಸರಕಾರ ಬದಲಾದರೆ ಕುರ್ಚಿಯೂ ಬದಲಾಗುತ್ತದೆ. ಹತ್ತು ವರ್ಷದ ಕೆಲಸ ಹಾಗೆ ನಡುವೆ ತುಂಡಾದಾಗ ಬರೆಯುವವನು ಸುಮ್ಮನಿರಬಾರದು. ಪ್ರಶಸ್ತಿಗೆ ನಿನ್ನ ಹೆಸರು ಹೋಗಿದ್ದಾಗಲೂ ಸುಮ್ಮನಿರಬಾರದು.

ಬನವಾಸಿಯಲ್ಲಿ ಕದಂಬೋತ್ಸವ ನಡೆಯಲಿ, ಕಾರವಾರದಲ್ಲಿ ಕರಾವಳಿ ಉತ್ಸವವೂ ನಡೆಯಲಿ. ಅವು ಬೇಡವೆಂದು ನಾನು ಹೇಳುವವನಲ್ಲ. ಆದರೆ ಉತ್ಸವದ ವೇದಿಕೆ ಬಿಚ್ಚಿದ ಮರುದಿನದಿಂದ ನಿನ್ನ ಲೇಖನ ಶುರುವಾಗಲಿ.

ಮುಂದಿನ ಮಳೆಗಾಲದವರೆಗೆ ಕಾಯಲು ನಿನಗೆ ಆಗುವುದಾದರೆ ಕಾಯಬೇಕು. ಆಷಾಢದಲ್ಲಿ ಒಂದು ಮಧ್ಯಾಹ್ನ, ಕಾರ್ಯಕ್ರಮವಿಲ್ಲದ ದಿನ ನೋಡಿ, ನಿಮ್ಮ ಕಡೆಯ ಯಾವುದಾದರೂ ರಂಗಮಂದಿರಕ್ಕೂ ಗ್ರಂಥಾಲಯಕ್ಕೂ ಹೋಗಿ ಎರಡು ತಾಸು ಕುಳಿತು ಬಾ. ಎಲ್ಲಿ ಸೋರುತ್ತದೆ, ಬೀಗದ ಕೈ ಯಾರ ಹತ್ತಿರವಿದೆ, ಓದಲು ಬಂದವರು ಯಾರು ಎಂದು ಬರೆದುಕೋ. ಆಮೇಲೆ ಕುಮಟೆಯ ಮೇಲಿಂದ ದೇವಿಮನೆ ಘಟ್ಟ ಹತ್ತಿ ನಮ್ಮ ಮನೆಗೆ ಬಾ. ತೆರಿಗೆಯ ಪಾವತಿ ತರುವುದನ್ನು ಮರೆಯಬೇಡ. ನನ್ನದನ್ನೂ ತೆಗೆದಿಟ್ಟಿರುತ್ತೇನೆ, ಎರಡನ್ನೂ ಎದುರಿಟ್ಟುಕೊಂಡು ಕುಳಿತುಕೊಳ್ಳೋಣ.

ಮನೆಯಲ್ಲಿ ಹಿರಿಯರಿಗೆ ನಮಸ್ಕಾರ ತಿಳಿಸು.

ಇತಿ,
ನಿನ್ನ ಹಿತೈಷಿ